ನೀರಿಗಿಳಿದ ಬಟ್ಟೆಗೆ ಏನಾಗುತ್ತದೆ?

ಹಬ್ಬದ ಮಾರನೆಯ ದಿನ ಒಗೆಯುವ ಕಲ್ಲಿನ ಮುಂದೆ ನಿಂತವರೆಲ್ಲ ನೋಡಿರುವ ಸಂಗತಿಯೊಂದಿದೆ. ಬಿಳಿ ಪಂಚೆಗೆ ತಾಗಿದ ಅರಿಶಿನದ ಕಲೆಗೆ ಸೋಪು ಹಚ್ಚಿದ ಕೂಡಲೇ ಅದು ಕುಂಕುಮದ ಹಾಗೆ ಕೆಂಪಾಗುತ್ತದೆ. ಗಾಬರಿಯಿಂದ ಇನ್ನಷ್ಟು ಸೋಪು ಹಚ್ಚುತ್ತೇವೆ, ಬ್ರಷ್ ಹಿಡಿದು ಉಜ್ಜುತ್ತೇವೆ, ಕೆಂಪು ಇನ್ನೂ ಗಾಢವಾಗುತ್ತದೆ. ಆರತಿಗೆಂದು ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ ಓಕುಳಿ ಮಾಡುವಾಗ ನಡೆಯುವುದೂ ಇದೇ. ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಸುಣ್ಣದ ಹಾಗೆ ಬಟ್ಟೆ ಸೋಪೂ ಕ್ಷಾರವೇ. ಹಾಗಾಗಿ ಆ ಕೆಂಪಿಗೆ ಹೆದರಬೇಕಿಲ್ಲ, ಬ್ರಷ್ಷೂ ಬೇಕಿಲ್ಲ. ಸೋಪಿನಿಂದ ಜಿಡ್ಡು ತೆಗೆದು, ಚೆನ್ನಾಗಿ ಜಾಲಿಸಿ, ಪಂಚೆಯನ್ನು ಎರಡು ಮೂರು ದಿನ ಒಳ್ಳೆಯ ಬಿಸಿಲಿಗೆ ಹರವಿ. ಕರ್ಕ್ಯುಮಿನ್ ಬೆಳಕಿಗೆ ಒಡೆದುಹೋಗುವ ವಸ್ತು. ತೋಳು ನೋಯುವಷ್ಟು ಉಜ್ಜಿದರೂ ಹೋಗದ ಕಲೆಯನ್ನು ಬಿಸಿಲು ಸದ್ದಿಲ್ಲದೆ ತೆಗೆಯುತ್ತದೆ.

ಒಗೆಯುವುದೆಂದರೆ ಕುಕ್ಕುವುದು, ಉಜ್ಜುವುದು, ಹಿಂಡುವುದು ಎಂದು ನಾವು ತಿಳಿದಿದ್ದೇವೆ. ಬಟ್ಟೆಯ ಎಳೆ, ನೀರು ಮತ್ತು ಸೋಪು ಈ ಮೂರರ ನಡುವೆ ನಡೆಯುವ ರಸಾಯನವೇ ಅಲ್ಲಿ ಮುಖ್ಯ, ತೋಳಬಲದ ಪಾಲು ಆಮೇಲಿನದು. ಇದು ತಿಳಿಯದೆ ನಾನೂ ಬಟ್ಟೆ ಕೆಡಿಸಿದ್ದೇನೆ. ಅಮ್ಮನ ರೇಷ್ಮೆ ಸೀರೆಯೊಂದನ್ನು ಮಾಮೂಲಿ ಪೌಡರಿನಲ್ಲಿ ಒಂದು ರಾತ್ರಿ ನೆನೆಹಾಕಿದ್ದೆ. ಬೆಳಿಗ್ಗೆ ಅದರ ಹೊಳಪು ಹೋಗಿತ್ತು, ಮತ್ತೆ ಬರಲಿಲ್ಲ. ಕಾರಣ ಹುಡುಕುತ್ತಾ ಹೋದಾಗ ಬಟ್ಟೆ ಒಗೆಯುವುದರ ಬಗ್ಗೆ ಪ್ರಯೋಗಾಲಯಗಳಲ್ಲಿ ಎಷ್ಟು ಕೆಲಸ ನಡೆದಿದೆ ಎಂಬುದು ತಿಳಿಯಿತು.

1950ರ ದಶಕದ ಕೊನೆಯಲ್ಲಿ ಜರ್ಮನಿಯ ಹೆಂಕೆಲ್ ಕಂಪನಿಯಲ್ಲಿದ್ದ ಹರ್ಬರ್ಟ್ ಸಿನ್ನರ್ ಒಂದು ಸರಳ ಲೆಕ್ಕ ಮುಂದಿಟ್ಟರು. ಕೊಳೆ ಹೋಗಲು ಸೋಪಿನ ರಸಾಯನ, ಉಜ್ಜುವ ಬಲ, ಬಿಸಿ ಮತ್ತು ಸಮಯ ಈ ನಾಲ್ಕೂ ಬೇಕು. ಒಂದನ್ನು ಕಡಿಮೆ ಮಾಡಿದರೆ ಉಳಿದವುಗಳಲ್ಲಿ ಯಾವುದನ್ನಾದರೂ ಹೆಚ್ಚಿಸಬೇಕು. ಇಂದಿಗೂ ವಾಷಿಂಗ್ ಮೆಷಿನ್ ತಯಾರಕರು ಈ ಲೆಕ್ಕದ ಮೇಲೆಯೇ ಕೆಲಸ ಮಾಡುತ್ತಾರೆ. ನಮ್ಮ ಮಡಿವಾಳರು ಉಬ್ಬೆ ಹಾಕುತ್ತಿದ್ದುದನ್ನು ನೆನೆದರೆ ಇದು ಥಟ್ಟನೆ ಅರ್ಥವಾಗುತ್ತದೆ. ಚೌಳು ಮಣ್ಣು ಅಥವಾ ಸೋಡ ಕಲಸಿದ ನೀರಿನಲ್ಲಿ ಬಟ್ಟೆ ಅದ್ದಿ, ಹಂಡೆಯ ಮೇಲೆ ಪೇರಿಸಿ, ಕೆಳಗೆ ಬೆಂಕಿ ಹಾಕಿ ಗಂಟೆಗಟ್ಟಲೆ ಆವಿ ಹಾಯಿಸುತ್ತಿದ್ದರು. ಕ್ಷಾರ ಮತ್ತು ಬಿಸಿ ಸೇರಿ ಬಟ್ಟೆಯಲ್ಲಿದ್ದ ಜಿಡ್ಡೇ ಒಂದಿಷ್ಟು ಸೋಪಾಗಿ ಮಾರ್ಪಡುತ್ತಿತ್ತು. ಹೊಳೆಯ ಕಲ್ಲಿಗೆ ಬರುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಬಿಸಿ, ಕ್ಷಾರ, ಸಮಯ ಮೂರನ್ನೂ ಧಾರಾಳವಾಗಿ ಬಳಸಿ ಬಲವನ್ನು ಉಳಿಸುವ ವಿಧಾನ ಅದು. ಹತ್ತಿ ಕ್ಷಾರವನ್ನು ತಾಳಿಕೊಳ್ಳುವುದರಿಂದ ಉಬ್ಬೆ ಹತ್ತಿಗೆ ಒಗ್ಗಿತು. ರೇಷ್ಮೆಯನ್ನು ಅವರು ಎಂದೂ ಉಬ್ಬೆಗೆ ಹಾಕಲಿಲ್ಲ.

ಮೊದಲು ನೀರಿನ ವಿಷಯಕ್ಕೆ ಬರೋಣ. ನಮ್ಮ ರಾಜ್ಯದಲ್ಲಿ ಅರ್ಧದಷ್ಟು ತೊಂದರೆ ಶುರುವಾಗುವುದೇ ಇಲ್ಲಿ ಎಂದು ನನಗನ್ನಿಸುತ್ತದೆ. ಮಲೆನಾಡಿನಿಂದ ಬಯಲುಸೀಮೆಗೆ ಮದುವೆಯಾಗಿ ಬಂದ ಹೆಣ್ಣುಮಕ್ಕಳು ‘ಇಲ್ಲಿ ಸೋಪು ನೊರೆಯೇ ಬರಲ್ಲ’ ಅನ್ನುವುದನ್ನು ಕೇಳಿರಬಹುದು. ಬೋರ್‌ವೆಲ್ ನೀರು ಕಲ್ಲಿನ ಪದರಗಳ ನಡುವೆ ಬಹುಕಾಲ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಂಡಿರುತ್ತದೆ. ಇದೇ ಗಡಸು ನೀರು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದ ಕಡೆ 600ರವರೆಗೆ ಒಪ್ಪಬಹುದು ಎಂದಿದೆ. ಬಕೆಟ್ಟಿನ ಒಳಗೆ ಬಿಳಿ ಪೊರೆ ಕಟ್ಟುವ, ಗೀಸರಿನ ಕಾಯಿಲ್ ಕೂಡ ಸುಣ್ಣದಲ್ಲಿ ಮುಚ್ಚಿಹೋಗುವ ಊರುಗಳಲ್ಲಿ ಬಟ್ಟೆ ಒಗೆಯುವವರಿಗೂ ಅದೇ ನೀರು ಎದುರಾಗುತ್ತದೆ.

ಸೋಪಿನ ಅಣುವನ್ನು ಗೊದಮೊಟ್ಟೆಯ ಹಾಗೆ ಊಹಿಸಿಕೊಳ್ಳಿ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲಗಳು ಜಿಡ್ಡಿನೊಳಗೆ ನುಗ್ಗಿ, ತಲೆಗಳು ನೀರಿನ ಕಡೆ ಮುಖ ಮಾಡಿ, ಜಿಡ್ಡನ್ನು ಸಣ್ಣ ಹನಿಗಳಾಗಿ ಬಟ್ಟೆಯಿಂದ ಎಬ್ಬಿಸುತ್ತವೆ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಆ ತಲೆಯನ್ನೇ ಹಿಡಿದುಕೊಳ್ಳುತ್ತದೆ. ಆಗ ಅದು ಕರಗದ ಕೆನೆಯಂಥ ಗಸಿಯಾಗಿ ಬಟ್ಟೆಯ ಮೇಲೆಯೇ ಕೂರುತ್ತದೆ. ಬಾರ್ ಸೋಪಿನಲ್ಲಿ ಒಗೆದ ಬಿಳಿ ಬನಿಯನ್ ತಿಂಗಳೊಪ್ಪತ್ತಿನಲ್ಲಿ ಬೂದು ಬಣ್ಣಕ್ಕೆ ತಿರುಗಿ ಬಿರುಸಾಗುವುದು ಈ ಗಸಿಯಿಂದ. ಡಿಟರ್ಜೆಂಟ್ ಬಂದದ್ದು ಇದಕ್ಕೆ ಪರಿಹಾರವಾಗಿ. ಅದರ ತಲೆಯಲ್ಲಿರುವ ಸಲ್ಫೊನೇಟ್ ಗುಂಪು ಕ್ಯಾಲ್ಸಿಯಂಗೆ ಸುಲಭವಾಗಿ ಸಿಕ್ಕಿಬೀಳುವುದಿಲ್ಲ. ಜೊತೆಗೆ ಪೌಡರಿನಲ್ಲಿ ಸೋಡ, ಜಿಯೊಲೈಟ್ ಅಥವಾ ಫಾಸ್ಫೇಟ್ ಇದ್ದು ಅವು ಗಡಸುತನವನ್ನು ತಡೆಯುತ್ತವೆ. ಹಾಗಾಗಿ ಬೋರ್‌ವೆಲ್ ನೀರಿನ ಮನೆಯಲ್ಲಿ ಹತ್ತಿ ಬಟ್ಟೆಗೆ ಬಾರ್ ಸೋಪಿಗಿಂತ ಡಿಟರ್ಜೆಂಟ್ ಒಳ್ಳೆಯದು. ಮಳೆನೀರು ಹಿಡಿದಿಟ್ಟಿದ್ದರೆ ಒಗೆಯಲು ಅದಕ್ಕಿಂತ ಒಳ್ಳೆಯ ನೀರು ಬೇರೆಯಿಲ್ಲ, ಪೌಡರೂ ಉಳಿಯುತ್ತದೆ.

ನೊರೆಯನ್ನು ನಂಬಬೇಡಿ. ಪೌಡರ್ ಹಾಕುತ್ತಾ ಹೋದಂತೆ ನೀರಿನ ಮೇಲ್ಮೈ ಎಳೆತ ಇಳಿಯುತ್ತಾ ಹೋಗುತ್ತದೆ, ನೀರು ಎಳೆಗಳೊಳಗೆ ಸುಲಭವಾಗಿ ಇಳಿಯುತ್ತದೆ. ಒಂದು ಮಿತಿ ಮುಟ್ಟಿದ ಮೇಲೆ ಅಣುಗಳು ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಳ್ಳುತ್ತವೆ, ಇನ್ನೆಷ್ಟು ಸುರಿದರೂ ಆ ಎಳೆತ ಇಳಿಯುವುದಿಲ್ಲ. ಹೆಚ್ಚಾದ ಪೌಡರ್ ಮಾಡುವ ಕೆಲಸ ಬೇರೆಯೇ. ಮೆಷಿನ್ನಿನಲ್ಲಿ ನೊರೆ ಹಾಸಿಗೆಯ ಹಾಗೆ ನಡುವೆ ನಿಂತು ಬಟ್ಟೆಗೆ ಬಟ್ಟೆ ತಿಕ್ಕದಂತೆ ಮಾಡುತ್ತದೆ, ಜಾಲಿಸಿದಾಗ ಪೂರ್ತಿ ಹೋಗದೆ ಎಳೆಗಳ ನಡುವೆ ಉಳಿದು ಹೊಸ ಕೊಳೆಯನ್ನು ಹಿಡಿದಿಡುತ್ತದೆ. ಕೊನೆಯ ಸಲ ಜಾಲಿಸಿದ ನೀರನ್ನು ಕೈಯಲ್ಲಿ ಹಿಡಿದು ಉಜ್ಜಿ ನೋಡಿ. ಜಾರಿದರೆ ಪೌಡರ್ ಹೆಚ್ಚಾಗಿದೆ ಎಂದೇ ಅರ್ಥ. ಮುಂದಿನ ಸಲ ಮೂರರಲ್ಲಿ ಒಂದು ಭಾಗ ಕಡಿಮೆ ಹಾಕಿ.

ಇನ್ನು ಎಳೆಗಳು. ಬಟ್ಟೆಯ ಸಂಶೋಧಕರು ಮೊದಲು ಕೇಳುವ ಪ್ರಶ್ನೆ ಈ ಎಳೆ ಎಷ್ಟು ನೀರು ಹಿಡಿಯುತ್ತದೆ ಎಂಬುದು. ಗಾಳಿಯ ತೇವ ಶೇ. 65ರಷ್ಟಿರುವ ಕೋಣೆಯಲ್ಲಿ 100 ಗ್ರಾಂ ಒಣ ಹತ್ತಿ ಸುಮಾರು 8 ಗ್ರಾಂ ನೀರನ್ನು ಗಾಳಿಯಿಂದಲೇ ಹೀರುತ್ತದೆ. ರೇಷ್ಮೆ 11, ಉಣ್ಣೆ 16. ಪಾಲಿಯೆಸ್ಟರ್ ಅರ್ಧ ಗ್ರಾಮೂ ಇಲ್ಲ. ಈ ಒಂದು ಲೆಕ್ಕದಿಂದ ಬಹಳ ವಿಷಯ ತಿಳಿಯುತ್ತದೆ. ಪಾಲಿಯೆಸ್ಟರ್ ಸೀರೆ ಯಾಕೆ ಬೇಗ ಒಣಗುತ್ತದೆ, ಬೇಸಿಗೆಯಲ್ಲಿ ಯಾಕೆ ಮೈಗೆ ಅಂಟುತ್ತದೆ, ಹತ್ತಿ ಯಾಕೆ ಕುಗ್ಗುತ್ತದೆ ಎಲ್ಲಕ್ಕೂ ಉತ್ತರ ಅದರಲ್ಲೇ ಇದೆ.

ಹತ್ತಿಯ ವಿಶೇಷವೆಂದರೆ ಅದು ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುತ್ತದೆ, ಶೇ. 10ರಿಂದ 20ರಷ್ಟು. ಕಲ್ಲಿಗೆ ಕುಕ್ಕಿಸಿಕೊಂಡೂ ಪಂಚೆ, ಟವೆಲ್ಲುಗಳು ವರ್ಷಗಟ್ಟಲೆ ಬಾಳುವುದು ಇದರಿಂದ. ಕುಗ್ಗುವುದಕ್ಕೆ ನೀರಿನ ಜೊತೆ ಮಗ್ಗವೂ ಕಾರಣ. ನೇಯುವಾಗ ನೂಲನ್ನು ಬಿಗಿಯಾಗಿ ಎಳೆದಿರುತ್ತಾರೆ. ನೀರು ತಾಗಿದ ಕೂಡಲೇ ಎಳೆ ಉಬ್ಬುತ್ತದೆ, ಎಳೆತ ಸಡಿಲವಾಗಿ ನೂಲು ತನ್ನ ಸಹಜ ಉದ್ದಕ್ಕೆ ಮರಳುತ್ತದೆ. ಹೆಚ್ಚಿನ ಕುಗ್ಗುವಿಕೆ ಮೊದಲ ಕೆಲವು ಒಗೆತದಲ್ಲೇ ಮುಗಿಯುತ್ತದೆ. ಖಾದಿ ಅಥವಾ ಕೈಮಗ್ಗದ ಬಟ್ಟೆಯನ್ನು ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ಬರಿ ನೀರಿನಲ್ಲಿ ನೆನೆಸಿ ಒಣಗಿಸುವ ನಮ್ಮ ರೂಢಿ ವಿಜ್ಞಾನಕ್ಕೆ ಸರಿಯಾಗಿಯೇ ಇದೆ. ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಕಂಡುಹಿಡಿದ ಸ್ಯಾನ್‌ಫರೈಸಿಂಗ್ ಇದನ್ನೇ ಗಿರಣಿಯಲ್ಲಿ ಯಂತ್ರದಿಂದ ಮಾಡುವ ವಿಧಾನ.

ಪಂಚೆಗೆ ಗಂಜಿ ಹಾಕುವುದೂ ಬರಿ ಗರಿಗರಿಗಾಗಿ ಅಲ್ಲ. ಪಿಷ್ಟದ ತೆಳು ಪೊರೆ ಎಳೆಯನ್ನು ಸುತ್ತಿಕೊಳ್ಳುತ್ತದೆ, ದೂಳು ಬೆವರು ಆ ಪೊರೆಗೆ ಹತ್ತುತ್ತವೆ, ಮುಂದಿನ ಒಗೆತದಲ್ಲಿ ಪಿಷ್ಟ ಕರಗುವಾಗ ಕೊಳೆಯೂ ಅದರೊಂದಿಗೆ ಇಳಿದುಹೋಗುತ್ತದೆ.

ರೇಯಾನ್ ಬೇರೆಯೇ ಜಾತಿ. ಅದೂ ಹತ್ತಿಯ ಹಾಗೆ ಸಸ್ಯದಿಂದಲೇ, ಮರದ ನಾರಿನಿಂದ ಬಂದದ್ದು, ಆದರೆ ಒದ್ದೆಯಾದಾಗ ಅದರ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮೆತ್ತಗೆ ಜೋಲುವ ರೇಯಾನ್ ಕುರ್ತಾವನ್ನು ಹತ್ತಿಯದೆಂದು ತಿಳಿದು ತಿರುಚಿ ಹಿಂಡಿದರೆ ಹೊಲಿಗೆಯ ಬಳಿ ಸೀಳುತ್ತದೆ. ಅದನ್ನು ಒತ್ತಿ ನೀರು ತೆಗೆದು, ಹಗ್ಗದ ಮೇಲೆ ಸೊಂಟದಲ್ಲಿ ಮಡಿಸಿ ಹಾಕಬೇಕು.

ಉಣ್ಣೆಯ ಎಳೆಯ ಮೇಲೆ ಮೀನಿನ ಮೈಮೇಲಿರುವಂಥ ಹುರುಪೆಗಳಿವೆ, ಎಲ್ಲವೂ ಒಂದೇ ದಿಕ್ಕಿಗೆ. ಬಿಸಿ ಸೋಪುನೀರಿನಲ್ಲಿ ತಿಕ್ಕಿದರೆ ಎಳೆಗಳು ಒಂದರೊಳಗೊಂದು ಮುಂದೆ ಸರಿಯುತ್ತವೆ, ಹಿಂದಕ್ಕೆ ಬರಲಾರವು. ಸ್ವೆಟರ್ ಹಿಡಿಯಷ್ಟಾಗಿ ಗಟ್ಟಿಯಾಗುವುದು ಹೀಗೆ. ಒಮ್ಮೆ ಹೀಗಾದರೆ ಸರಿಪಡಿಸುವ ದಾರಿಯಿಲ್ಲ.

ರೇಷ್ಮೆಯ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ನಮ್ಮ ನಾಡಿನ ಎಳೆ ಅದು. ಗೂಡಿನಿಂದ ಬಿಚ್ಚಿದ ಎಳೆಯಲ್ಲಿ ಎರಡು ಪ್ರೋಟೀನುಗಳಿವೆ. ಒಳಗೆ ಫೈಬ್ರೊಯಿನ್, ಹೊರಗೆ ಅಂಟಿನಂಥ ಸೆರಿಸಿನ್. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲುಭಾಗ ಸೆರಿಸಿನ್ನೇ. ಅದನ್ನು ಕುದಿಯುವ ಸೋಪುನೀರಿನಲ್ಲಿ ತೆಗೆದ ಮೇಲೆ ಹೊಳಪು ಕಾಣುತ್ತದೆ. ನಾನು ಮಾಡಿದ ತಪ್ಪು ಇಲ್ಲಿದೆ. ಇಂದಿನ ಅನೇಕ ಪೌಡರುಗಳಲ್ಲಿ ರಕ್ತ, ಹಾಲು, ಬೆವರಿನ ಕಲೆಗಳನ್ನು ಕತ್ತರಿಸಲೆಂದು ಪ್ರೋಟೀನ್ ಜೀರ್ಣಿಸುವ ಕಿಣ್ವ ಸೇರಿಸಿರುತ್ತಾರೆ. ಜರ್ಮನಿಯ ಓಟೊ ರೋಮ್ 1913ರಲ್ಲಿ ಪ್ರಾಣಿಗಳ ಮೇದೋಜೀರಕ ಗ್ರಂಥಿಯ ಕಿಣ್ವವನ್ನು ಒಗೆಯಲು ಬಳಸುವುದಕ್ಕೆ ಪೇಟೆಂಟ್ ಪಡೆದಾಗಿನಿಂದ ಈ ದಾರಿ ತೆರೆಯಿತು, ಈಗ ಆ ಕಿಣ್ವಗಳನ್ನು ಬ್ಯಾಕ್ಟೀರಿಯಾದಿಂದ ತೆಗೆಯುತ್ತಾರೆ. ಹಾಲಿನ ಕಲೆಯೂ ಪ್ರೋಟೀನ್, ರೇಷ್ಮೆಯೂ ಪ್ರೋಟೀನ್. ಕಿಣ್ವಕ್ಕೆ ಎರಡರ ಭೇದ ತಿಳಿಯದು. ಕ್ಷಾರವೂ ಸೇರಿ ಒಂದು ರಾತ್ರಿಯಲ್ಲಿ ಎಳೆಯ ಮೇಲ್ಮೈಯನ್ನು ಒರಟು ಮಾಡಿಬಿಟ್ಟವು.

ಹಾಗಾದರೆ ರೇಷ್ಮೆಗೆ ಏನು? ಕ್ಷಾರವಿಲ್ಲದ, ಕಿಣ್ವವಿಲ್ಲದ ದ್ರವ ಸೋಪು, ತಣ್ಣೀರು, ಐದು ನಿಮಿಷ. ಅಂಟುವಾಳದ ಕಾಯಿಯ ನೀರೂ ಆಗುತ್ತದೆ. ಅದರ ಸಪೋನಿನ್ ನೊರೆ ಕೊಡುತ್ತದೆ, ಸೋಪಿನ ಹಾಗೆ ಕ್ಷಾರವಲ್ಲ. ಒದ್ದೆ ರೇಷ್ಮೆ ಶೇ. 15–20ರಷ್ಟು ಶಕ್ತಿ ಕಳೆದುಕೊಂಡಿರುತ್ತದೆ, ಆದ್ದರಿಂದ ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ. ನೆರಳಿನಲ್ಲಿ ಒಣಗಿಸಿ, ಬಿಸಿಲಿಗೆ ರೇಷ್ಮೆ ಹಳದಿಯಾಗಿ ಸತ್ವ ಕಳೆದುಕೊಳ್ಳುತ್ತದೆ. ಬ್ಲೀಚಿನ ಹತ್ತಿರ ಸುಳಿಸಲೇಬೇಡಿ. ಆದರೆ 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯ ಸೀರೆಯಂಥ, ಬೆಳ್ಳಿ ಬಂಗಾರದ ಜರಿ ಇರುವ ಸೀರೆಗೆ ಮನೆಯ ಒಗೆತವೇ ಬೇಡ, ಡ್ರೈ ಕ್ಲೀನಿಂಗಿಗೆ ಕೊಡಿ. ಬೆವರು, ಸೆಂಟು ತಾಗಿದರೆ ಜರಿಯ ಬೆಳ್ಳಿ ಕಪ್ಪಾಗುತ್ತದೆ.

ಇಳಕಲ್ ಸೀರೆ ಇನ್ನೂ ಕಠಿಣ ಪ್ರಶ್ನೆ ಕೇಳುತ್ತದೆ. ಸಾಂಪ್ರದಾಯಿಕ ಇಳಕಲ್‌ನಲ್ಲಿ ಹತ್ತಿಯ ಒಡಲು, ರೇಷ್ಮೆಯ ಸೆರಗು. ಎರಡರ ಹಾಸುನೂಲನ್ನು ಕೊಂಡಿ ಹಾಕಿ ಜೋಡಿಸಿರುತ್ತಾರೆ. ಹತ್ತಿಗೆ ತಕ್ಕ ಹಾಗೆ ಒಗೆದರೆ ಸೆರಗು ಹೋಗುತ್ತದೆ. ಇಂಥ ಬೆರಕೆ ಬಟ್ಟೆಗೆ ಯಾವಾಗಲೂ ಅದರಲ್ಲಿರುವ ಅತಿ ಸೂಕ್ಷ್ಮ ಎಳೆಯ ನಿಯಮವೇ ಅನ್ವಯಿಸಬೇಕು.

ಬಣ್ಣದ ವಿಷಯ. ಹೊಸ ಬಟ್ಟೆಯನ್ನು ಉಪ್ಪುನೀರಿನಲ್ಲಿ ಅಥವಾ ವಿನೆಗರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಎಂಬ ನಂಬಿಕೆ ಮನೆಮನೆಯಲ್ಲಿದೆ. ಇಂದಿನ ಹತ್ತಿ ಬಟ್ಟೆಗಳ ಮಟ್ಟಿಗೆ ಇದರಿಂದ ಪ್ರಯೋಜನವಿಲ್ಲ. 1954ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ರ‍್ಯಾಟೀ ಮತ್ತು ಸ್ಟೀಫನ್ ಹತ್ತಿಯ ಎಳೆಯೊಂದಿಗೆ ರಾಸಾಯನಿಕ ಬಂಧ ಮಾಡಿಕೊಳ್ಳುವ ಬಣ್ಣಗಳನ್ನು ಕಂಡುಹಿಡಿದರು, ಇವೇ ರಿಯಾಕ್ಟಿವ್ ಬಣ್ಣಗಳು. ಬಣ್ಣ ಅದ್ದುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸವಿದೆ, ಅದು ಬಣ್ಣವನ್ನು ನೀರಿನಿಂದ ಎಳೆಯ ಕಡೆಗೆ ದೂಡುತ್ತದೆ. ಬಂಧವಾಗದೆ ನೀರಿನೊಂದಿಗೇ ವರ್ತಿಸಿಬಿಟ್ಟ ಬಣ್ಣವೂ ಒಂದಿಷ್ಟು ಬಟ್ಟೆಯಲ್ಲಿ ಉಳಿಯುತ್ತದೆ. ಕಾರ್ಖಾನೆಯಲ್ಲಿ ಸರಿಯಾಗಿ ತೊಳೆಯದಿದ್ದರೆ ಅದು ನಮ್ಮ ಬಕೆಟ್ಟಿನಲ್ಲಿ ಇಳಿಯುತ್ತದೆ. ಅದನ್ನು ಉಪ್ಪು ಹಾಕಿ ಕೂರಿಸಲಾಗದು, ಮೂರು ನಾಲ್ಕು ಸಲ ಬೇರೆಯಾಗಿ ಒಗೆದು ತೆಗೆಯಬೇಕಷ್ಟೆ.

ಪ್ರಯೋಗಾಲಯದಲ್ಲಿ ಬಣ್ಣದ ಗಟ್ಟಿತನ ಅಳೆಯುವ ವಿಧಾನ ಚೆನ್ನಾಗಿದೆ. ಬಣ್ಣದ ಬಟ್ಟೆಯ ತುಂಡಿಗೆ ಹತ್ತಿ, ಉಣ್ಣೆ, ನೈಲಾನ್, ಪಾಲಿಯೆಸ್ಟರ್ ಸೇರಿ ಆರು ಎಳೆಗಳ ಬಿಳಿ ಪಟ್ಟಿಯನ್ನು ಹೊಲಿದು, ಡಿಟರ್ಜೆಂಟ್ ನೀರು ಮತ್ತು ಸ್ಟೀಲ್ ಗುಂಡುಗಳೊಂದಿಗೆ ಉಕ್ಕಿನ ಡಬ್ಬಿಯಲ್ಲಿ ಹಾಕಿ, 40 ಡಿಗ್ರಿಯಲ್ಲಿ ಅರ್ಧ ಗಂಟೆ ತಿರುಗಿಸುತ್ತಾರೆ. ಆಮೇಲೆ ಬಿಳಿ ಪಟ್ಟಿಗೆ ಎಷ್ಟು ಬಣ್ಣ ಹತ್ತಿತು ಎಂದು ನೋಡಿ 1ರಿಂದ 5ರವರೆಗೆ ಅಂಕ ಕೊಡುತ್ತಾರೆ. 5 ಎಂದರೆ ಸ್ವಲ್ಪವೂ ಹತ್ತಿಲ್ಲ. ಇದರ ಮನೆಯ ರೂಪ ಸುಲಭ. ಸೀರೆಯ ಒಳಮಡಿಕೆಯ ಒಂದು ಮೂಲೆಯನ್ನು ಸೋಪುನೀರಿನಲ್ಲಿ ಒದ್ದೆ ಮಾಡಿ, ಬಿಳಿ ಹತ್ತಿ ಬಟ್ಟೆಯ ನಡುವೆ ಇಟ್ಟು ಹತ್ತು ನಿಮಿಷ ಭಾರ ಹೇರಿ. ಬಣ್ಣ ಹತ್ತಿದರೆ ಆ ಸೀರೆಯನ್ನು ಬೇರೆಯಾಗಿಯೇ ಒಗೆಯಬೇಕು.

ಕಲೆಗಳಿಗೆ ಬಿಸಿನೀರು ಹಾಕುವ ಮುಂಚೆ ಒಂದು ಕ್ಷಣ ಯೋಚಿಸಿ. ತುಪ್ಪ, ಎಣ್ಣೆಗೆ ಬಿಸಿನೀರು ಒಳ್ಳೆಯದು. ರಕ್ತ, ಹಾಲು, ಮೊಟ್ಟೆಗೆ ತಣ್ಣೀರು, ಬಿಸಿಗೆ ಅವು ಬೆಂದು ಎಳೆಯಲ್ಲಿ ಗಟ್ಟಿಯಾಗುತ್ತವೆ. ಇಂಥ ಹತ್ತಿ ಬಟ್ಟೆಯನ್ನು ಕಿಣ್ವವಿರುವ ಪೌಡರಿನಲ್ಲಿ ಉಗುರು ಬೆಚ್ಚಗಿನ ನೀರಿನಲ್ಲಿ ಒಂದು ಗಂಟೆ ನೆನೆಸಿ, ಕುದಿನೀರಿನಲ್ಲಿ ಕಿಣ್ವವೇ ನಾಶವಾಗುತ್ತದೆ. ಕೆಮ್ಮಣ್ಣಿನ ಕಲೆ ಪೂರ್ತಿ ಒಣಗಿದ ಮೇಲೆ ಕೊಡವಿ, ಆಮೇಲೆ ನೀರು ತೋರಿಸಿ. ಬಾಳೆಯ ಕರೆಯನ್ನಂತೂ ಆ ಗಳಿಗೆಯಲ್ಲೇ ತೊಳೆಯಬೇಕು, ಗಾಳಿಗೆ ಕಂದಾದ ಮೇಲೆ ಅದು ಹೋಗುವುದು ಕಷ್ಟ. ಬ್ಲೀಚ್ ಬಳಸುವಾಗ ಅದಕ್ಕೆ ಟಾಯ್ಲೆಟ್ ತೊಳೆಯುವ ಆಮ್ಲವನ್ನಾಗಲಿ, ವಿನೆಗರನ್ನಾಗಲಿ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ.

ಮಳೆಗಾಲದಲ್ಲಿ ಮಲೆನಾಡು, ಕರಾವಳಿಯವರ ಗೋಳು ಮುಗ್ಗಲು ವಾಸನೆ. ಒಗೆದ ಬಟ್ಟೆಯೇ ಒಣಗುವಾಗ ನಾರುತ್ತದೆ. ಜಪಾನಿನ ಕಾವೊ ಕಂಪನಿಯ ಸಂಶೋಧಕರು 2012ರಲ್ಲಿ ಇದರ ಮೂಲ ಹುಡುಕಿದರು. ಮೊರಾಕ್ಸೆಲ್ಲಾ ಓಸ್ಲೊಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ ಬಟ್ಟೆಯಲ್ಲಿ ಉಳಿದ ಬೆವರು, ಜಿಡ್ಡನ್ನು ತಿಂದು ನಾರುವ ಆಮ್ಲವೊಂದನ್ನು ಬಿಡುತ್ತದೆ. ಒಣಗಿಸಿದರೂ ಅದು ಸುಲಭಕ್ಕೆ ಸಾಯುವುದಿಲ್ಲ, ಮತ್ತೆ ತೇವ ಸಿಕ್ಕಾಗ ಬೆಳೆಯುತ್ತದೆ. ಆದ್ದರಿಂದ ಸೆಂಟಿನ ದ್ರವ ಸುರಿಯುವುದು ಇದಕ್ಕೆ ಮದ್ದಲ್ಲ. ನಾರುವ ಹತ್ತಿ ಟವೆಲ್ಲುಗಳನ್ನು ಒಮ್ಮೆ ಕುದಿನೀರಿನಲ್ಲಿ ಒಗೆದು, ಬಟ್ಟೆಗಳ ನಡುವೆ ಗೇಣು ಅಂತರ ಬಿಟ್ಟು, ಫ್ಯಾನಿನ ಗಾಳಿಗೆ ಬೇಗ ಒಣಗಿಸಬೇಕು. ಬಚ್ಚಲೊಲೆಯ ಮೇಲೆ ಗಳ ಕಟ್ಟಿ ಬಟ್ಟೆ ಒಣಹಾಕುತ್ತಿದ್ದ ಹಳೆಯ ಮನೆಗಳು ಸಮಯವನ್ನೇ ಗೆಲ್ಲುತ್ತಿದ್ದವು. ಪಾಲಿಯೆಸ್ಟರ್ ಟೀ ಶರ್ಟಿನ ನಾತಕ್ಕೂ ಇಂಥದೇ ಕಥೆಯಿದೆ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದವರು 2014ರಲ್ಲಿ, ಸೈಕಲ್ ವ್ಯಾಯಾಮ ಮಾಡಿದ 26 ಮಂದಿಯ ಅಂಗಿಗಳನ್ನು ಹೋಲಿಸಿದಾಗ ಹತ್ತಿಗಿಂತ ಪಾಲಿಯೆಸ್ಟರ್ ಹೆಚ್ಚು ನಾರುತ್ತಿತ್ತು. ನೀರನ್ನು ಒಲ್ಲದ ಆ ಎಳೆ ಮೈಯ ಜಿಡ್ಡನ್ನು ಬಿಡದೆ ಹಿಡಿದುಕೊಳ್ಳುತ್ತದೆ. ಓಡಲು, ಆಡಲು ಹಾಕಿದ ಅಂಗಿಯನ್ನು ಒಳಮೈ ಹೊರಮಾಡಿ ಅದೇ ದಿನ ಒಗೆದುಬಿಡಿ.

ಒಗೆದ ನೀರು ಹೋಗುವ ಕಡೆಯೂ ನೋಡಬೇಕು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನು ಎಲ್ಲರೂ ಕಂಡಿದ್ದೇವೆ. ಡಿಟರ್ಜೆಂಟಿನ ಅಣುಗಳನ್ನು ಗಾಳಿಯಿರುವ ನೀರಿನಲ್ಲಿ ಬ್ಯಾಕ್ಟೀರಿಯಾ ಕೆಲ ದಿನಗಳಲ್ಲಿ ಒಡೆಯುತ್ತವೆ. ಶುದ್ಧಿಯಾಗದ ಕೊಳಚೆಯ ಜೊತೆ ಕೆರೆ ಸೇರಿದರೆ ಅವು ತಳದ ಗಾಳಿಯಿಲ್ಲದ ಕೆಸರಿಗೆ ಹತ್ತಿ ಉಳಿದುಬಿಡುತ್ತವೆ. ಜೋರು ಮಳೆ ಬಂದು ಆ ಕೆಸರು ಕಲಕಿದಾಗ ಮೇಲೆದ್ದು ನೊರೆಯಾಗುತ್ತವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಕಣ್ಣಿಗೆ ಕಾಣದ ಇನ್ನೊಂದು ಸಂಗತಿ ಎಳೆಗಳ ಚೂರು. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯದ 2016ರ ಅಧ್ಯಯನದ ಪ್ರಕಾರ 6 ಕಿಲೋ ಅಕ್ರಿಲಿಕ್ ಬಟ್ಟೆಯ ಒಂದು ಒಗೆತದಲ್ಲಿ 7 ಲಕ್ಷಕ್ಕೂ ಹೆಚ್ಚು ಎಳೆಚೂರುಗಳು ನೀರಿಗೆ ಸೇರಬಹುದು. ನ್ಯೂಕಾಸಲ್ ವಿಶ್ವವಿದ್ಯಾಲಯದವರು 2019ರಲ್ಲಿ ಕಂಡದ್ದು ನನಗೂ ಆಶ್ಚರ್ಯ ತಂದಿತು. ಮೆಷಿನ್ನಿನ ‘ಡೆಲಿಕೇಟ್’ ಆಯ್ಕೆಯೇ ಹೆಚ್ಚು ಚೂರು ಉದುರಿಸುತ್ತದೆ, ಯಾಕೆಂದರೆ ಅದರಲ್ಲಿ ಬಟ್ಟೆಗೆ ಹೋಲಿಸಿದರೆ ನೀರು ಬಹಳ ಹೆಚ್ಚು. ಪಾಲಿಯೆಸ್ಟರ್, ಅಕ್ರಿಲಿಕ್ ಬಟ್ಟೆಗಳಿಗೆ ತಣ್ಣೀರಿನ ಚಿಕ್ಕ ಒಗೆತ ಸಾಕು, ಮೆಷಿನ್ ತುಂಬುವಷ್ಟು ಬಟ್ಟೆ ಸೇರುವ ತನಕ ಕಾಯಿರಿ.

ಕೊನೆಗೆ ಒಂದು ಮಾತು. ಕಾಲರಿನ ಒಳಗೆ, ಪಕ್ಕದ ಹೊಲಿಗೆಯಲ್ಲಿ ಇರುವ ಚೀಟಿಯನ್ನು ಚುಚ್ಚುತ್ತದೆಂದು ಕತ್ತರಿಸಿ ಎಸೆಯಬೇಡಿ. ಎಳೆ ಯಾವುದು, ಎಷ್ಟು ಪಾಲು ಎಂಬುದು ಅಲ್ಲಿ ಬರೆದಿರುತ್ತದೆ. ತೊಟ್ಟಿಯ ಚಿತ್ರದೊಳಗಿನ ಅಂಕಿ ನೀರು ಗರಿಷ್ಠ ಎಷ್ಟು ಡಿಗ್ರಿ ಬಿಸಿ ಇರಬಹುದು ಎಂದು ಹೇಳುತ್ತದೆ, ತೊಟ್ಟಿಯೊಳಗೆ ಕೈ ಇದ್ದರೆ ಕೈಯಲ್ಲೇ ಒಗೆಯಿರಿ ಎಂದು, ತ್ರಿಕೋನಕ್ಕೆ ಕಾಟು ಹಾಕಿದ್ದರೆ ಬ್ಲೀಚ್ ಬೇಡವೆಂದು. ಕತ್ತರಿಸಲೇಬೇಕಾದರೆ ಅದರ ಹಿಂದೆ ಯಾವ ಬಟ್ಟೆಯದೆಂದು ಬರೆದು, ಪೌಡರಿನ ಡಬ್ಬದ ಪಕ್ಕದಲ್ಲೇ ಒಂದು ಡಬ್ಬಿಯಲ್ಲಿ ಇಟ್ಟುಕೊಳ್ಳಿ.